ಅಯ್ನ್ ಸಿದ್ರದ ಮಹಾ ಇಳಿಕೆ

ಅಯ್ನ್ ಸಿದ್ರದ ಜನನ ಮರಣ ದಾಖಲೆ ಕಚೇರಿಯ ಮುಖ್ಯಸ್ಥರಾದ ಬಹ್ಜತ್ ಉಸ್ತಾದರಿಗೆ ಒಂದೇ ಒಂದು ಚಟವಿತ್ತು. ಸಿಗರೇಟಲ್ಲ, ಸಿಗರೇಟನ್ನು ಆ ಊರಿನಲ್ಲಿ ಚಟವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಸ್ತಾದರದು ಭಾಷೆಯ ಚಟ. ಎರಡು ಮಾತಿನಲ್ಲಿ ಮುಗಿಯುವುದನ್ನು ಅವರು ಇಪ್ಪತ್ತು ಮಾತಿನಲ್ಲಿ, ಅದೂ ಮಸೀದಿಯ ಪ್ರವಚನಕಾರರಿಗೇ ನಾಲಿಗೆ ತೊಡರುವಂಥ ಮಾತಿನಲ್ಲಿ ಹೇಳುವವರು. ಕಚೇರಿಯ ಬಾಗಿಲಿಗೆ ‘ತಳ್ಳಿ’ ಎಂದು ಬರೆದರೆ ಸಾಕಾಗಿತ್ತು. ಅವರು ‘ಆಗಮಿಸುವ ಮಹನೀಯರು ದ್ವಾರವನ್ನು ಮುಂದಕ್ಕೆ ನೂಕುವ ಕೃಪೆ ಮಾಡತಕ್ಕದ್ದು’ ಎಂದು ಬರೆಸಿದ್ದರು. ಅದನ್ನು ಓದಿ ಮುಗಿಸುವಷ್ಟರಲ್ಲಿ ಒಳಗಿದ್ದವರು ತಮ್ಮ ಕೆಲಸ ಮುಗಿಸಿ ಬಾಗಿಲು ತೆರೆದು ಹೊರಗೆ ಬಂದಿರುತ್ತಿದ್ದರು.

ಉಸ್ತಾದರು ಉತ್ತರದ ಇರ್ಬಿದ್ ಕಡೆಯವರು. ದಕ್ಷಿಣದ ಈ ಗುಡ್ಡದೂರಿಗೆ ಬಂದ ಮೊದಲ ವಾರದಿಂದಲೂ ವರ್ಗಾವಣೆಗೆ ಅರ್ಜಿ ಹಾಕುತ್ತಲೇ ಇದ್ದರು. ಆದರೆ ಅರ್ಜಿಯ ಭಾಷೆ ಎಷ್ಟು ಗಹನವಾಗಿತ್ತೆಂದರೆ, ರಾಜಧಾನಿಯಲ್ಲಿ ಓದಿದವರಿಗೆ ಈ ಮನುಷ್ಯ ಕೇಳುತ್ತಿರುವುದೇನು ಎಂದೇ ತಿಳಿಯದೆ, ಹಬ್ಬದ ಶುಭಾಶಯ ತಿಳಿಸಿ ಉತ್ತರ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಹೀಗಾಗಿ ಉಸ್ತಾದರು ಇರ್ಬಿದ್‌ಗೆ ಹೋಗಲಿಲ್ಲ. ಅವರ ಮಗ ಲುಆಯ್ ಈ ಊರಿನಲ್ಲೇ ಮೀಸೆ ಬರಿಸಿಕೊಂಡ. ಊರಿನ ಹಳಬರಿಗೆ ಉಸ್ತಾದರು ‘ಅಬೂ ಲುಆಯ್’, ಅಂದರೆ ಲುಆಯ್‌ನ ಅಪ್ಪ, ಆದರು.

ಇಂಥ ಶಾಖೆಗೆ ಒಂದು ಭಾನುವಾರ, ವಾರದ ಕೆಲಸ ಶುರುವಾಗುತ್ತಿದ್ದ ಹಾಗೆಯೇ, ರಾಜಧಾನಿಯಿಂದ ಆಜ್ಞೆ ಬಂತು. ದೇಶದ ಎಲ್ಲ ಶಾಖೆಗಳ ಕಂಪ್ಯೂಟರುಗಳಿಗೂ ಹೊಸ ಪ್ರೋಗ್ರಾಂ ಬಂದಿದೆ. ಅದನ್ನು ಗುರುವಾರ ಕಚೇರಿ ಮುಚ್ಚುವುದರೊಳಗೆ ನೆಟ್ ಮೂಲಕ ಇಳಿಸಿಕೊಳ್ಳಬೇಕು. ಇಳಿಸಿಕೊಳ್ಳಲಾರದ ಶಾಖೆಯನ್ನು ಮುಚ್ಚಿ ಅದರ ಕೆಲಸವನ್ನು ಹತ್ತಿರದ ಪಟ್ಟಣಕ್ಕೆ ಸೇರಿಸಲಾಗುವುದು. ಅಯ್ನ್ ಸಿದ್ರಕ್ಕೆ ಹತ್ತಿರದ ಪಟ್ಟಣವೆಂದರೆ ಕರಕ್. ಹತ್ತಿರ ಎನ್ನುವುದು ಹದ್ದಿನ ಲೆಕ್ಕ. ಮನುಷ್ಯರಿಗೆ ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ನಡುವೆ ಹೊಟ್ಟೆ ತೊಳಸುವಷ್ಟು ತಿರುವುಗಳು. ರಾಜಧಾನಿಯಲ್ಲಿ ಕೂತಿದ್ದ ಇಲಾಖೆಯ ನಿರ್ದೇಶಕ ಮುನೀಫ್ ಬೇ, ಅಂದರೆ ಮುನೀಫ್ ಸಾಹೇಬರಿಗೆ, ಈ ಶಾಖೆಯ ಮೇಲೆ ಮೊದಲಿನಿಂದಲೂ ಕಣ್ಣಿತ್ತು. ಆ ಊರಿನಲ್ಲಿ ಹುಟ್ಟುವವರೂ ಕಡಿಮೆ, ಸಾಯುವವರೂ ಕಡಿಮೆ, ಸುಮ್ಮನೆ ಬದುಕಿರುವವರಿಗೆ ಶಾಖೆ ಯಾಕೆ ಎಂದು ಅವರು ಸಭೆಯಲ್ಲಿ ಬಾಯಿಬಿಟ್ಟು ಕೇಳಿದ್ದರು.

ಅಯ್ನ್ ಸಿದ್ರದ ನೆಟ್ಟಿನ ವಿಚಾರ ಹೇಳದಿರುವುದೇ ಒಳ್ಳೆಯದು. ಗುಡ್ಡದ ಮೇಲೆ ಒಂದು ಗೋಪುರ. ಊರಿನ ಅಷ್ಟೂ ಮೊಬೈಲಿಗೂ ಕಚೇರಿಗೂ ಅದೇ ಗತಿ. ಯಾರದಾದರೂ ಭಾವಚಿತ್ರ ತೆರೆದರೆ ಮೊದಲು ಕೂದಲು ಕಾಣುತ್ತಿತ್ತು, ಚಹಾ ಕುಡಿದು ಬಂದರೆ ಮೂಗು ಬಂದಿರುತ್ತಿತ್ತು, ಗದ್ದ ಬರುವ ಹೊತ್ತಿಗೆ ಮಧ್ಯಾಹ್ನದ ನಮಾಜು.

ಉಸ್ತಾದರು ಹೆದರುವವರಲ್ಲ. ನಾಲ್ಕು ಎತ್ತು ಕಟ್ಟಿದರೆ ಗಾಡಿ ಬೇಗ ಸಾಗುತ್ತದೆಂದು ಕಚೇರಿಯ ನಾಲ್ಕೂ ಕಂಪ್ಯೂಟರಿನಲ್ಲಿ ಒಟ್ಟಿಗೇ ಗುಂಡಿ ಒತ್ತಿ, ಕೈಕಟ್ಟಿ ಕುಳಿತರು. ಭಾನುವಾರ ಕಳೆಯಿತು. ಸೋಮವಾರ ನೋಡಿದರೆ ನಾಲ್ಕು ಪರದೆಯಲ್ಲೂ ನಾಲ್ಕು ಸೊನ್ನೆ. ಆಗ ರಾಜಧಾನಿಯ ತಾಂತ್ರಿಕ ವಿಭಾಗದ ರಾಫತ್‌ಗೆ ಫೋನ್ ಮಾಡಿದರು. ಈ ರಾಫತ್ ಇಡೀ ದೇಶದ ಶಾಖೆಗಳ ಗೋಳು ಕೇಳಿ ಕೇಳಿ ದನಿಯಲ್ಲಿ ಜೀವವೇ ಉಳಿಯದ ಮನುಷ್ಯ.

“ಉಸ್ತಾದ್, ನಿಮ್ಮನೇಲಿ ನಾಲ್ಕು ಮಕ್ಕಳಿದ್ರೆ ಒಂದು ಕಟ್ಟು ರೊಟ್ಟಿ ತರೋಕೆ ನಾಲ್ಕೂ ಮಕ್ಕಳನ್ನ ಬೇಕರಿಗೆ ಅಟ್ತೀರಾ?” ಎಂದ ರಾಫತ್. “ಒಬ್ಬನ್ನ ಕಳಿಸಿ. ಅವನು ತಂದ್ಮೇಲೆ ಮನೇಲಿ ಹಂಚ್ಕೊಳ್ಳಿ. ಒಂದೇ ಕಂಪ್ಯೂಟರು ಇಳಿಸ್ಲಿ, ಉಳಿದ ಮೂರೂ ಅದರಿಂದ ತಗೊಳ್ತವೆ.”

ಅದಲ್ಲದೆ, ಈ ವಾರ ಚಿಕ್ಕಪುಟ್ಟ ಕೆಲಸಕ್ಕೆ ಬರಬೇಡಿರೆಂದು ಜನರಿಗೆ ತಿಳಿಸಿ ಎಂದ. ಒಬ್ಬೊಬ್ಬರ ದಾಖಲೆ ತೆರೆದಾಗಲೂ ಲೈನು ಅಷ್ಟಷ್ಟು ತಿನ್ನುತ್ತದೆ ಎಂದ. ಕೊನೆಗೆ, ಶಾಖೆ ಮುಚ್ಚಿದರೆ ನಿಮಗೇ ಅಲ್ಲವೇ ಲಾಭ, ನೆಟ್ಟಗೆ ಇರ್ಬಿದ್‌ಗೆ ಹೋಗಬಹುದಲ್ಲ ಎಂದು ಕುಟುಕಿದ. ಉಸ್ತಾದರಿಗೆ ಸಿಟ್ಟು ಬಂತು. ಹೊರಡುವ ದಿನ ಬಾಗಿಲಿಗೆ ಬೀಗ ಹಾಕಿ ಹೋಗುವ ಜಾತಿ ತಮ್ಮದಲ್ಲ ಎಂದು ಹೇಳಿ ಫೋನಿಟ್ಟು, ಈ ಸಲ ಒಂದೇ ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದರು.

ಇಲ್ಲಿಗೆ ಎಲ್ಲವೂ ಸರಿಯಾಗಿಯೇ ಇತ್ತು. ಕೆಟ್ಟಿದ್ದು, ಜನರಿಗೆ ತಿಳಿಸಲು ಉಸ್ತಾದರು ಪೆನ್ನು ಹಿಡಿದಾಗ. ಕಚೇರಿಯ ಗುಮಾಸ್ತೆ ರುಬಾ, ಬುದ್ಧಿವಂತ ಹುಡುಗಿ, ಸುಮ್ಮನೆ ‘ಕಂಪ್ಯೂಟರ್ ಕೆಲಸ ನಡೆಯುತ್ತಿದೆ, ಮುಂದಿನ ವಾರ ಬನ್ನಿ’ ಎಂದು ಬರೆಯಿರಿ ಸಾಕು ಎಂದಳು. ಸರ್ಕಾರವೆಂದರೆ ತರಕಾರಿ ಅಂಗಡಿಯೇನು ಎಂದು ಉಸ್ತಾದರು ಅವಳನ್ನು ಸುಮ್ಮನಾಗಿಸಿ, ಅರ್ಧ ದಿನ ತಿದ್ದಿ ತೀಡಿ, ಮುತ್ತಿನಂಥ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದ್ದು ಹೀಗಿತ್ತು:

‘ಮಾನ್ಯ ನಾಗರಿಕರ ಅವಗಾಹನೆಗೆ. ಈ ಶಾಖೆಯಲ್ಲಿ ಮಹಾ ಇಳಿಕೆ ಆರಂಭವಾಗಿದೆ. ಗುರುವಾರ ಕಚೇರಿ ಮುಚ್ಚುವವರೆಗೆ ಮಾತ್ರ. ತಮ್ಮೆಲ್ಲರ ಸಹಕಾರ ಪ್ರಾರ್ಥನೀಯ.’

ಇಳಿಕೆ ಎಂದರೆ ಅವರ ಮಾತಿನಲ್ಲಿ ತನ್‌ಝೀಲಾತ್. ನೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳುವುದಕ್ಕೂ ಅದೇ ಶಬ್ದ. ಅಂಗಡಿಯವರು ದರ ಇಳಿಸುವುದಕ್ಕೂ ಅದೇ ಶಬ್ದ. ಎದುರುಗಡೆ ಕಿರಾಣಿ ಅಂಗಡಿ ಇಟ್ಟಿದ್ದ ಖಲಫ್‌ನ ಗಾಜಿನ ಮೇಲೂ ಆ ಶಬ್ದವೇ ಕೆಂಪು ಬಣ್ಣದಲ್ಲಿ, ಸೋಪಿನ ಪುಡಿಯ ಮೇಲ್ಗಡೆ, ಹಬ್ಬದಿಂದ ಹಬ್ಬದವರೆಗೆ ನೇತಾಡುತ್ತಿತ್ತು.

ಮೊದಲು ಓದಿದವನು ಖಲಫ್. ವ್ಯಾಪಾರಿ, ಪಕ್ಕದಲ್ಲಿ ಇನ್ನೊಬ್ಬ ದರ ಇಳಿಸಿದರೆ ಅವನಿಗೆ ನಿದ್ದೆ ಬರುವುದಿಲ್ಲ. ಕಚೇರಿಯವರು ಮಾರುವುದೇನು, ಇಳಿಸುವುದೇನು ಎಂದು ಅಂಗಡಿಗೆ ಬಂದವರೆದುರು ತಲೆ ಕೆರೆದುಕೊಂಡ. ಹುಟ್ಟಿನ ಚೀಟಿಗೆ ಕಾಸಿಲ್ಲ, ಸಾವಿನದಕ್ಕಂತೂ ಇಲ್ಲವೇ ಇಲ್ಲ. ಆ ನಾಲ್ಕು ಗೋಡೆಯೊಳಗೆ ಇರುವ ಸರಕಾದರೂ ಯಾವುದು? ಅಲ್ಲಿದ್ದವರೆಲ್ಲ ಯೋಚಿಸಿದರು. ಸರಕು ಒಂದೇ: ಊರಿನವರ ವಯಸ್ಸು. ಅಂದ ಮೇಲೆ ಸರ್ಕಾರ ಇಳಿಸುತ್ತಿರುವುದು ವಯಸ್ಸನ್ನೇ.

ಕೇಳಿದರೆ ಹುಚ್ಚು ಅನ್ನಿಸುತ್ತದೆ. ಆದರೆ ಅಯ್ನ್ ಸಿದ್ರದ ಹಳಬರ ವಯಸ್ಸು ಬರೆದದ್ದೇ ಹುಚ್ಚಾಗಿ. ಹಿಂದೆ ಕುದುರೆಯ ಮೇಲೆ ಬಂದ ಯಾವನೋ ಗುಮಾಸ್ತ ಒಂದು ಮಧ್ಯಾಹ್ನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಹಲ್ಲು ನೋಡಿ, ಎಲ್ಲರೂ ಜುಲೈ ಒಂದರಂದೇ ಹುಟ್ಟಿದರೆಂದು ಬರೆದು ಹೋಗಿದ್ದ. ಕೊನೆಗೂ ಸರ್ಕಾರಕ್ಕೆ ಬುದ್ಧಿ ಬಂತು, ಹೆಚ್ಚಿಗೆ ಬರೆದದ್ದನ್ನು ಇಳಿಸುತ್ತಿದೆ ಎಂದು ಜನ ಅಂದುಕೊಂಡರೆ ಅದರಲ್ಲಿ ಅವರ ತಪ್ಪೇನು?

ಮಂಗಳವಾರ ಬೆಳಗ್ಗೆ ಬಾಗಿಲು ತೆರೆದಾಗ ನಿಂತಿದ್ದವಳು ಹಾಜ್ಜಾ ಫಿದ್ದಾ. ಹಜ್ ಮುಗಿಸಿ ಬಂದವಳು, ಏಳು ಮೊಮ್ಮಕ್ಕಳ ಅಜ್ಜಿ, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಬಂದಿದ್ದಳು. ಉಸ್ತಾದರು ಬನ್ನಿ ಹಾಜ್ಜಾ ಎಂದದ್ದಕ್ಕೆ, ಇವತ್ತು ಹಾಜ್ಜಾ ಅನ್ನಬೇಡ, ವಯಸ್ಸಾದ ಹಾಗೆ ಕೇಳಿಸುತ್ತದೆ ಎಂದು ತಡೆದಳು.

“ಇಳಿಕೆ ಇದ್ಯಂತೆ, ಅಬೂ ಲುಆಯ್?”

ಉಸ್ತಾದರಿಗೆ ಎದೆ ತುಂಬಿ ಬಂತು. ತಮ್ಮ ಪ್ರಕಟಣೆ ಓದಿ, ಇಷ್ಟು ವಯಸ್ಸಿನ ಹೆಂಗಸು ಕಚೇರಿಯ ಕಂಪ್ಯೂಟರ್ ಬಗ್ಗೆ ವಿಚಾರಿಸಲು ಬಂದಿದ್ದಾಳೆ. ಇದೆ, ಸಾಂಗವಾಗಿ ನಡೆಯುತ್ತಿದೆ ಎಂದರು.

“ಎಷ್ಟು?”

ಉಸ್ತಾದರು ಪರದೆಯ ಕಡೆ ಬಾಗಿ ನೋಡಿದರು. “ಸದ್ಯಕ್ಕೆ ನೂರಕ್ಕೆ ಹನ್ನೊಂದು.”

“ಹನ್ನೊಂದೇನಾ?”

“ನಿಧಾನ ಆಗುತ್ತೆ ತಾಯಿ. ಗುರುವಾರದ ಹೊತ್ತಿಗೆ ಪೂರ್ತಿ ನೂರಾಗುತ್ತೆ.”

ಹಾಜ್ಜಾ ಫಿದ್ದಾ ಬೆಂಚು ಹಿಡಿದುಕೊಂಡು ಕುಳಿತಳು. “ಅಲ್ಲಪ್ಪಾ, ನೂರೂ ಇಳಿಸಿಬಿಟ್ರೆ ನಾನು ಮತ್ತೆ ಹುಟ್ಬೇಕಾಗುತ್ತಲ್ಲ. ನಮ್ಮಮ್ಮ ಎಲ್ಲಿದ್ದಾಳೆ ಈಗ? ನನಗೆ ಅರ್ಧಕ್ಕೆ ನಿಲ್ಲಿಸ್ಬಿಡು.”

ಯಂತ್ರದ ಮಾತೇ ಬೇರೆ, ಹಳೆಯ ಕಾಲದವರ ಮಾತೇ ಬೇರೆ ಎಂದುಕೊಂಡು ಉಸ್ತಾದರು ತಾಳ್ಮೆಯಿಂದ, ಅರ್ಧಕ್ಕೆ ನಿಲ್ಲಿಸಿದರೆ ಎಲ್ಲ ಕೆಟ್ಟು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ ಎಂದು ವಿವರಿಸಿದರು. ಮೊದಲಿನಿಂದ ಶುರು ಎಂದು ಕೇಳಿದ್ದೇ ತಡ, ಅವಳು ಎದ್ದು ಹೋದಳು.

ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ವಿಷಯ ತಿಳಿದಿತ್ತು. ಕಚೇರಿಯಲ್ಲಿ ಒಂದು ಪರದೆ ಇದೆ. ಅದರ ಮೇಲೆ ಇಳಿಕೆಯ ಅಂಕಿ ಮೆಲ್ಲಗೆ ಏರುತ್ತಾ ಹೋಗುತ್ತದೆ. ನಿನಗೆ ಬೇಕಾದ ಅಂಕಿ ಬಂದಾಗ ನೀನು ಅಲ್ಲಿರಬೇಕು. ಮೊದಲೇ ಹೋದರೆ ಮೋಸ, ತಡವಾದರೆ ತೊಟ್ಟಿಲು. ಇಂಥ ವ್ಯಾಪಾರವನ್ನು ಯಾರು ಬಿಡುತ್ತಾರೆ? ಜನ ಬಂದು ಕಚೇರಿಯ ಬೆಂಚಿನ ಮೇಲೆ, ಮೆಟ್ಟಿಲ ಮೇಲೆ, ಅಂಗಳದ ಆಲಿವ್ ಮರದ ಬುಡದಲ್ಲಿ ಠಿಕಾಣಿ ಹೂಡಿದರು. ಮನೆಯಲ್ಲಿದ್ದವರಿಗೆ ಘಳಿಗೆಗೊಮ್ಮೆ ಫೋನ್: ಈಗ ಹದಿನಾಲ್ಕು, ಈಗಲೂ ಹದಿನಾಲ್ಕು. ಕಾಯುವ ಬೇಸರಕ್ಕೆ ಒಬ್ಬೊಬ್ಬರೂ ಮೊಬೈಲಿನಲ್ಲಿ ಸೀರಿಯಲ್ ಹಾಕಿಕೊಂಡರು. ಗೋಪುರ ಒಂದೇ, ಊರೆಲ್ಲ ಅದರ ಕತ್ತು ಹಿಡಿದು ಜಗ್ಗಿದರೆ ಕಚೇರಿಗೆ ಬರುವ ಪಾಲೆಷ್ಟು? ಅಂಕಿ ಇದ್ದಲ್ಲೇ ಕೂತುಬಿಟ್ಟಿತು. ಅಂಕಿ ನಿಂತದ್ದು ಕಂಡು ಜನಕ್ಕೆ ಸಂತೋಷ. ಉಸ್ತಾದ್ ನಮಗಾಗಿಯೇ ಹಿಡಿದು ನಿಲ್ಲಿಸಿದ್ದಾರೆ ಎಂದು ಒಬ್ಬಳು ಅಂಜೂರದ ಜಾಮು ತಂದು ಕೊಟ್ಟಳು.

ರಾತ್ರಿ ಕಂಪ್ಯೂಟರನ್ನು ಹಾಗೇ ಬಿಟ್ಟು ಹೋದರೂ ಹೆಚ್ಚು ಪ್ರಯೋಜನವಾಗಲಿಲ್ಲ. ಕಚೇರಿ ಮಲಗಿದರೆ ಊರು ಮಲಗುವುದಿಲ್ಲವಲ್ಲ. ಬುಧವಾರ ರಾಫತ್ ತಾನಾಗಿಯೇ ಫೋನ್ ಮಾಡಿ, ನಿಮ್ಮ ಶಾಖೆಯ ಲೈನು ಮದುವೆ ಮನೆಯ ಹಾಗೆ ತುಂಬಿದೆ, ಅಲ್ಲೇನು ನಡೆಯುತ್ತಿದೆ ಎಂದು ಕೇಳಿದ. ಸಹಕಾರ ಎಂದರು ಉಸ್ತಾದರು. ಪ್ರಾರ್ಥಿಸಿದ್ದೆವು, ಜನ ಉದಾರವಾಗಿ ಸಹಕರಿಸುತ್ತಿದ್ದಾರೆ.

ಗುಟ್ಟು ಒಡೆದದ್ದು ಅದೇ ದಿನ, ತುರ್ಫಾ ಬಂದಾಗ. ತುರ್ಫಾ ಹಾಜ್ಜಾ ಫಿದ್ದಾಳ ನಾದಿನಿ. ಇಬ್ಬರಲ್ಲಿ ಯಾರು ಹಿರಿಯರು ಎಂಬ ಜಗಳ ಫಿದ್ದಾಳ ಮದುವೆಯಷ್ಟೇ ಹಳೆಯದು. ತುರ್ಫಾ ಸಾಲು ಸೀಳಿಕೊಂಡು ಬಂದು ಮೇಜಿನ ಮೇಲೆ ಎರಡೂ ಕೈ ಊರಿದಳು.

“ಫಿದ್ದಾಗೆ ಎಷ್ಟು ಇಳಿಸಿದ್ದೀಯೋ ನನಗೂ ಅಷ್ಟೇ ಇಳಿಸು, ಅಬೂ ಲುಆಯ್. ಮೇಲೆ ಒಂದು ದಿನ ಜಾಸ್ತಿ ಇಳಿಸು.”

“ಫಿದ್ದಾಗೆ ನಾನೇನಿಳಿಸಿದೆ?”

“ವಯಸ್ಸು. ಇನ್ನೇನಿಳಿಸ್ತಾರೆ ನಿಮ್ಮ ಕಚೇರೀಲಿ, ಟೊಮೆಟೊ ಬೆಲೆನಾ?”

ರುಬಾ ಕೈಯಲ್ಲಿದ್ದ ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಮುಖ ಆ ಕಡೆ ತಿರುಗಿಸಿಕೊಂಡಳು. ಉಸ್ತಾದರು ಎದ್ದು ಹೊರಗೆ ಹೋಗಿ ತಮ್ಮದೇ ಪ್ರಕಟಣೆಯನ್ನು ಮೊದಲ ಸಲ ಊರಿನವರ ಕಣ್ಣಿನಿಂದ ಓದಿದರು. ತಿರುಗಿ ಎದುರಿನ ಸೋಪಿನ ಪುಡಿಯ ಗಾಜನ್ನು ಓದಿದರು. ಒಳಗೆ ನೂರಕ್ಕೆ ಮೂವತ್ತೆಂಟು, ನಾಳೆ ಗುರುವಾರ.

ಮೆಟ್ಟಿಲ ಮೇಲೆ ನಿಂತು ಭಾಷಣ ಶುರು ಮಾಡಿದರು. ಚಟ ಅಷ್ಟು ಬೇಗ ಬಿಡುತ್ತದೆಯೇ? ಅವರೋಹಣವೆಂಬ ಪದದ ವಿವಿಧ ಅರ್ಥಚ್ಛಾಯೆಗಳು ಎಂದು ಅವರು ಆರಂಭಿಸಿದಾಗ ಜನರಿಗೆ ಅರ್ಥವಾದದ್ದು ಒಂದೇ: ಇಳಿಕೆ ಇವರ ಕಡೆಯವರಿಗೆ ಮಾತ್ರ, ನಮಗಿಲ್ಲ. ಗುಜುಗುಜು ಎದ್ದಿತು. ಮೀಸೆಗೆ ಬಣ್ಣ ಹಚ್ಚಿಕೊಂಡು ಬಂದಿದ್ದ ಇಬ್ಬರು, ತಮ್ಮ ಖರ್ಚು ಯಾರು ಕೊಡುತ್ತಾರೆ ಎಂದು ಕೇಳಿದರು. ರುಬಾ ಹಿಂದಿನಿಂದ ಅಂಗಿ ಜಗ್ಗಿ, ಉಸ್ತಾದ್, ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿ ಎಂದಳು.

ಉಸ್ತಾದರು ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದರು. ವಯಸ್ಸು ಇಳಿಸುವುದು ದೇವರಿಂದಲೂ ಆಗಿಲ್ಲ, ತನ್ನಿಂದ ಆಗುವುದಿಲ್ಲ. ಇಳಿಯಬೇಕಾದದ್ದು ಒಂದು ಪ್ರೋಗ್ರಾಂ. ಅದು ಬರುವುದು ಗುಡ್ಡದ ಮೇಲಿನ ಗೋಪುರದಿಂದ, ನಿಮ್ಮ ಸೀರಿಯಲ್ ಬರುವ ದಾರಿಯಲ್ಲೇ. ನಾಳೆ ಕಚೇರಿ ಮುಚ್ಚುವುದರೊಳಗೆ ಅದು ಪೂರ್ತಿ ಇಳಿಯದಿದ್ದರೆ ಈ ಬಾಗಿಲು ಮತ್ತೆ ತೆರೆಯುವುದಿಲ್ಲ. ಇನ್ನು ಮುಂದೆ ಎಲ್ಲದಕ್ಕೂ ಕರಕ್. ತಪ್ಪು ನನ್ನದೇ, ಬರೆಯಲು ಬಾರದ್ದನ್ನು ಬರೆದೆ ಎಂದರು.

ಅಂಗಡಿಯ ಬಾಗಿಲಿಗೆ ಒರಗಿದ್ದ ಖಲಫ್‌ಗೆ ಇದು ಹಿಡಿಸಲಿಲ್ಲ. ಶಾಖೆ ಮುಚ್ಚಿದರೆ ನಿಮಗೇನು ಉಸ್ತಾದ್, ನೀವು ಗಂಟು ಕಟ್ಟಿಕೊಂಡು ಇರ್ಬಿದ್‌ಗೆ ಹೊರಟೇಬಿಡುತ್ತೀರಿ, ಲೈನು ನಿಂತಿದ್ದೂ ಅದಕ್ಕೇ ಇರಬೇಕು ಎಂದು ಎಲ್ಲರಿಗೂ ಕೇಳುವ ಹಾಗೆ ಅಂದ.

“ಹೋಗ್ತೀನಿ ಖಲಫ್, ಅರ್ಜಿ ನಾನೇ ಹಾಕಿರೋದು,” ಎಂದರು ಉಸ್ತಾದರು. “ಆದ್ರೆ ನಿನ್ನ ಸೊಸೆಗೆ ದಿನ ತುಂಬಿದೆ. ನಾಳೆ ಮಗು ಹುಟ್ಟಿದ್ರೆ ಒಂದು ಚೀಟಿಗೋಸ್ಕರ ಹಸಿ ಬಾಣಂತಿ ಆ ಬಸ್ಸಲ್ಲಿ ಕರಕ್‌ಗೆ ಹೋಗ್ಬೇಕಾ? ಅದನ್ನ ನೋಡ್ಕೊಂಡು ನಾನು ಇರ್ಬಿದ್‌ನಲ್ಲಿ ಕೂತು ಅನ್ನ ತಿನ್ಲಾ?”

ಜನ ಒಬ್ಬೊಬ್ಬರಾಗಿ ಎದ್ದು, ಬಟ್ಟೆ ಕೊಡವಿಕೊಂಡು ಹೊರಟುಹೋದರು. ಅಂಜೂರದ ಜಾಮು ಕೊಟ್ಟವಳು ಕೂಡ ತಿರುಗಿ ನೋಡಲಿಲ್ಲ. ಊರು ತನ್ನ ಮೇಲೆ ಮುನಿಸಿಕೊಂಡಿತು ಎಂದು ಉಸ್ತಾದರು ತೀರ್ಮಾನಿಸಿದರು. ತೀರ್ಮಾನ ಮಾಡುವುದರಲ್ಲಿ ಅವರು ಎಂದೂ ಹಿಂದೆ ಬಿದ್ದವರಲ್ಲ.

ಗುರುವಾರ ಬೆಳಗ್ಗೆ ಅಂಕಿ ಅರವತ್ತೊಂದು. ರುಬಾ ಲೆಕ್ಕ ಹಾಕಿ, ಈ ನಡಿಗೆಯಲ್ಲಿ ಶನಿವಾರಕ್ಕಾದರೆ ದೊಡ್ಡದು ಎಂದಳು. ಉಸ್ತಾದರು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಅಂಗಳದಲ್ಲಿ ಹೆಜ್ಜೆ ಸಪ್ಪಳವಾಯಿತು. ಉಸ್ತಾದರು ಇಣುಕಿ ನೋಡಿದರು. ಊರಿನ ಹಿರಿಯರು, ಒಬ್ಬಿಬ್ಬರಲ್ಲ ಹನ್ನೆರಡು ಮಂದಿ, ಮದುವೆಗೆ ಹೆಣ್ಣು ಕೇಳಲು ಹೊರಡುವಾಗ ಹೊದೆಯುವ ಜರಿಯಂಚಿನ ನಿಲುವಂಗಿ ಹೊದ್ದು ಸಾಲಾಗಿ ಬರುತ್ತಿದ್ದಾರೆ. ಮುಂದೆ ಹಾಜಿ ದೈಫಲ್ಲಾ. ಅದು ಜಾಹಾ. ಹಿರಿಯರೆಲ್ಲ ಕೂಡಿ ಒಬ್ಬನ ಮನೆ ಬಾಗಿಲಿಗೆ ಬಂದು ಏನನ್ನಾದರೂ ಬೇಡುವುದು. ಆ ಸೀಮೆಯಲ್ಲಿ ಜಾಹಾವನ್ನು ಬರಿಗೈಯಲ್ಲಿ ಕಳಿಸಿದವನಿಗೆ ಸತ್ತಾಗ ಹೆಗಲು ಕೊಡುವವರು ಸಿಗುವುದಿಲ್ಲ.

ರುಬಾ ಓಡಿಹೋಗಿ ಏಲಕ್ಕಿ ಹಾಕಿದ ಕಹಿ ಕಾಫಿ ಕಾಸಿ ತಂದಳು. ಉಸ್ತಾದರು ಪುಟ್ಟ ಬಟ್ಟಲಿಗೆ ಬಗ್ಗಿಸಿ ಹಾಜಿ ದೈಫಲ್ಲಾರಿಗೆ ಕೊಟ್ಟರು. ಹಾಜಿ ತಗೊಂಡರು, ಕುಡಿಯಲಿಲ್ಲ, ಮುಂದಿನ ಮೇಜಿನ ಮೇಲಿಟ್ಟರು. ಕೇಳಿದ್ದನ್ನು ಕೊಡುತ್ತೇನೆಂದು ಮನೆಯವನು ಹೇಳುವ ತನಕ ಆ ಬಟ್ಟಲು ಮುಟ್ಟುವ ಹಾಗಿಲ್ಲ. ಮಾತಾಡಲು ಹಾಜಿ ಗಂಟಲು ಸರಿಮಾಡಿಕೊಂಡರು.

ಅಷ್ಟು ಹೊತ್ತು ಉಸ್ತಾದರು ತಡೆಯಬೇಕಲ್ಲ. ಇವರು ಕೇಳುವುದೇನೆಂದು ಅವರಿಗೆ ಗೊತ್ತು: ವಯಸ್ಸು. ಕೇಳಿಬಿಟ್ಟರೆ ಕೊಡಬೇಕು, ಕೊಟ್ಟರೆ ಜೈಲು. ಬಾಯಿಂದ ಹೊರಬೀಳುವ ಮೊದಲೇ ತಡೆಯುವುದು ವಾಸಿ ಎಂದು ಪರದೆಗೆ ಬೆನ್ನು ಹಾಕಿ ನಿಂತು ಶುರು ಮಾಡಿದರು. ವಯಸ್ಸಿಗೆ ಹೆದರಬಾರದು ಎಂದರು. ಬಿಳಿ ಗಡ್ಡ ಗಂಡಸಿಗೆ ಕಿರೀಟ ಎಂದರು. ಹಾಜಿ ಬಾಯಿ ತೆರೆದಾಗಲೆಲ್ಲ ಇವರು ದನಿ ಏರಿಸಿದರು. ಕಾನೂನಿನ ಕಲಮುಗಳನ್ನು ಹೇಳಿದರು, ಕಲಮು ಮುಗಿದ ಮೇಲೆ ಗಾದೆ ಹೇಳಿದರು, ಗಾದೆ ಮುಗಿದ ಮೇಲೆ ತಮ್ಮ ಅಜ್ಜ ತೊಂಬತ್ತರಲ್ಲಿ ಕತ್ತೆಯ ಮೇಲಿಂದ ಬಿದ್ದೂ ಎದ್ದು ನಡೆದ ಕಥೆ ಹೇಳಿದರು. ಕಾಫಿ ತಣ್ಣಗಾಯಿತು. ವಿಚಿತ್ರವೆಂದರೆ ಹಿರಿಯರಿಗೆ ಬೇಸರವೇ ಆಗುತ್ತಿರಲಿಲ್ಲ. ಹನ್ನೆರಡು ಜೊತೆ ಕಣ್ಣು ಉಸ್ತಾದರ ಭುಜದ ಆಚೆ ಎಲ್ಲೋ ನೆಟ್ಟಿದ್ದವು. ಒಬ್ಬರು ಇನ್ನೊಬ್ಬರನ್ನು ಮೊಣಕೈಯಿಂದ ತಿವಿದು ನಗುತ್ತಲೂ ಇದ್ದರು.

ಉಸಿರು ತೆಗೆದುಕೊಳ್ಳಲು ಉಸ್ತಾದರು ನಿಂತ ಒಂದು ಘಳಿಗೆಯಲ್ಲಿ ಹಾಜಿ ಕೈಯೆತ್ತಿದರು.

“ಅಬೂ ಲುಆಯ್, ನಿನ್ನ ಬಾಯಿಗೂ ಒಂದು ಲೈನಿದ್ದಿದ್ರೆ ಅದನ್ನೂ ಕಡಿಸ್ತಿದ್ದೆ. ನಮಗೆ ವಯಸ್ಸು ಬೇಡ. ಇರೋದನ್ನೇ ಹೊತ್ಕೊಂಡು ಸಾಕಾಗಿದೆ. ಒಂದ್ಸಲ ಹಿಂದೆ ತಿರುಗಿ ನೋಡು.”

ಉಸ್ತಾದರು ತಿರುಗಿ ನೋಡಿದರು. ಅಂಕಿ ಎಂಬತ್ತೆರಡು. ನೋಡುತ್ತಿದ್ದಂತೆಯೇ ಎಂಬತ್ತಮೂರಾಯಿತು.

ಹಾಜಿ ಕಿಟಕಿಯತ್ತ ಕೈ ತೋರಿಸಿದರು. ಅಂಗಳದಲ್ಲಿ ಫಿದ್ದಾ ಮತ್ತು ತುರ್ಫಾ ನಿಂತಿದ್ದರು, ಇಬ್ಬರ ಮುಂದೆಯೂ ಒಂದೊಂದು ರೊಟ್ಟಿಯ ಬುಟ್ಟಿ. ಬುಟ್ಟಿಯ ತುಂಬ ಮೊಬೈಲು. ಬೆಳಗಿನಿಂದ ಇಬ್ಬರೂ ಊರಿನ ಒಂದೊಂದು ಪಕ್ಕ ಹಿಡಿದು, ಮನೆಮನೆಗೂ ನುಗ್ಗಿ, ಎಲ್ಲರ ಮೊಬೈಲೂ ಬಂದ್ ಮಾಡಿಸಿ ಕಿತ್ತುಕೊಂಡು ಬಂದಿದ್ದರು. ಯಾರ ಬುಟ್ಟಿಯಲ್ಲಿ ಹೆಚ್ಚಿದೆ ಎಂಬ ಜಗಳ ಇನ್ನೂ ನಡೆಯುತ್ತಲೇ ಇತ್ತು. ಖಲಫ್ ಅಂಗಡಿಯ ಮುಂದೆ ಕೋಲು ಹಿಡಿದು ನಿಂತಿದ್ದ. ಹೊರಗಿನ ಊರಿನ ಲಾರಿಯವನೊಬ್ಬ ಫೋನ್ ತೆಗೆದಿದ್ದಕ್ಕೆ ಅವನನ್ನು ಗುಡ್ಡದಾಚೆಗೆ ಅಟ್ಟಿ ಬಂದಿದ್ದನಂತೆ.

“ನಾವು ಕೇಳೋಕೆ ಬಂದಿರೋದು ಇದು,” ಎಂದರು ಹಾಜಿ. ಅವರ ದನಿ ಸ್ವಲ್ಪ ಇಳಿಯಿತು. “ನನ್ನ ಹೆಂಡ್ತಿ ಹೋದಾಗ ಸಾವಿನ ಚೀಟಿಗೆ ನಾನು ಕಚೇರಿಗೆ ಬರ್ಲಿಲ್ಲ. ಬರೋಕೆ ಕಾಲಲ್ಲಿ ಶಕ್ತಿ ಇರ್ಲಿಲ್ಲ. ನೀನೇ ಮನೆ ಹುಡುಕ್ಕೊಂಡು ಬಂದು, ಚೀಟಿ ಕೈಲಿಟ್ಟು, ಸಂಜೆವರೆಗೂ ನನ್ನ ಪಕ್ಕ ಕೂತಿದ್ದೆ. ಅವತ್ತು ಒಂದೇ ಒಂದು ದೊಡ್ಡ ಮಾತಾಡ್ಲಿಲ್ಲ ನೀನು. ಈ ಊರು ನಿನಗೆ ಋಣಿ, ಅಬೂ ಲುಆಯ್. ಶಾಖೆ ಉಳಿದ್ರೆ ಅದರ ಜೊತೆ ನೀನೂ ಉಳೀಬೇಕು. ಇರ್ಬಿದ್‌ಗೆ ಹೋಗ್ಬೇಡ. ಇಷ್ಟೇ.”

ಉಸ್ತಾದರು ಬಾಯಿ ತೆರೆದರು. ಇಷ್ಟು ವರ್ಷ ಕೂಡಿಟ್ಟ ಶಬ್ದಭಂಡಾರದಲ್ಲಿ ಅಂದು ಕೈಗೆ ಸಿಕ್ಕಿದ್ದು ಎರಡೇ ಮಾತು.

“ಕಾಫಿ ಕುಡೀರಿ,” ಎಂದರು. “ಕೊಟ್ಟಾಯ್ತು.”

ಹನ್ನೆರಡು ಮಂದಿಯೂ ತಣ್ಣಗಾದ ಕಾಫಿಯನ್ನು ಪಾಯಸದ ಹಾಗೆ ಕುಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಪರದೆಯ ಸುತ್ತ ಕುಳಿತರು. ತೊಂಬತ್ತು ಬಂದಾಗ ಅಲ್ಲಾಹನನ್ನು ನೆನೆದರು. ತೊಂಬತ್ತೇಳಾದಾಗ ಒಬ್ಬರಂತೂ ಪರದೆಗೆ ದೃಷ್ಟಿಯಾದೀತೆಂದು ನೋಡುವುದನ್ನೇ ಬಿಟ್ಟರು. ತೊಂಬತ್ತೆಂಟಕ್ಕೆ ಬಂದು ಅಂಕಿ ನಿಂತಿತು. ಮಿಸುಕಲಿಲ್ಲ. ಗೋಡೆಯ ಗಡಿಯಾರ ಕಚೇರಿ ಮುಚ್ಚುವ ಹೊತ್ತನ್ನು ಸಮೀಪಿಸುತ್ತಿತ್ತು. ಊರಿನಲ್ಲಿ ಯಾರೋ ಒಬ್ಬ ದ್ರೋಹಿ ಮೊಬೈಲು ಬಚ್ಚಿಟ್ಟುಕೊಂಡಿದ್ದಾನೆಂದು ಹಿರಿಯರೆಲ್ಲ ಎದ್ದು ನಿಂತರು. ಫಿದ್ದಾ ತುರ್ಫಾಳ ಕಡೆಯ ಬೀದಿಯನ್ನು ಅನುಮಾನಿಸಿದಳು, ತುರ್ಫಾ ಫಿದ್ದಾಳ ಸೊಂಟವನ್ನೇ ತಡವಿದಳು. ಆಗ ರುಬಾ ಉಸ್ತಾದರ ಮೇಜಿನ ಡ್ರಾಯರಿಗೆ ಕಿವಿ ಕೊಟ್ಟು, ಅದನ್ನು ಎಳೆದು ತೆರೆದಳು. ಒಳಗೆ ಉಸ್ತಾದರ ಸ್ವಂತ ಮೊಬೈಲು ಕಚೇರಿಯ ಲೈನಿಗೇ ಬಾಯಿಟ್ಟು, ಯಾರ ಅಪ್ಪಣೆಯೂ ಇಲ್ಲದೆ ತನ್ನದೇ ಹೊಸ ಪ್ರೋಗ್ರಾಂ ಇಳಿಸಿಕೊಳ್ಳುತ್ತಾ ಬೆಚ್ಚಗಾಗಿ ಕೂತಿತ್ತು.

ಕಚೇರಿಯ ಗೋಡೆ ಬಿರಿಯುವ ಹಾಗೆ ನಗು ಎದ್ದಿತು. ಊರೆಲ್ಲ ಗೋಪುರ ಬಿಟ್ಟು ಇಳಿದರೂ ಯಜಮಾನನೇ ಅದರ ತುದಿಯಲ್ಲಿ ಕೂತಿದ್ದಾನೆ ಎಂದರು ಹಾಜಿ. ಅದರ ಗುಂಡಿ ಅದುಮಿ ತುರ್ಫಾಳ ಬುಟ್ಟಿಗೆ ಎಸೆದದ್ದೇ ತಡ, ತೊಂಬತ್ತೊಂಬತ್ತಾಯಿತು, ನೂರಾಯಿತು. ಉಳಿದ ಮೂರು ಕಂಪ್ಯೂಟರು ಮೊದಲನೆಯದರಿಂದ ಹಂಚಿಕೊಂಡು ನೋಡನೋಡುತ್ತಲೇ ಎದ್ದು ಕುಳಿತವು. ಅಂಗಳದ ಹೆಂಗಸರು ಮದುವೆಯಲ್ಲಿ ಮಾಡುವ ಹಾಗೆ ನಾಲಿಗೆ ತಿರುಗಿಸಿ ಸಂತೋಷದ ಉಲಿ ಹಾಕಿದರು. ಉಸ್ತಾದರು ಒಬ್ಬೊಬ್ಬ ಹಿರಿಯರ ಭುಜ ಹಿಡಿದು ಮುತ್ತಿಟ್ಟರು, ಖಲಫ್‌ನನ್ನೂ ಬಿಡಲಿಲ್ಲ. ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ. ಈ ಊರು ಇಷ್ಟು ದಿನ ತನ್ನನ್ನು ಸಹಿಸಿಕೊಂಡಿದ್ದಕ್ಕೇ ದೊಡ್ಡ ಉಪಕಾರ ಮಾಡಿದೆ, ಇವತ್ತಿನದು ತೀರಿಸಲಾಗದ್ದು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ಆ ಮಾತು ಎಲ್ಲರಿಗೂ ಅರ್ಥವಾಯಿತು.

ಅಷ್ಟರಲ್ಲಿ ಮೇಜಿನ ಮೇಲಿನ ಹಳೆಯ ಫೋನು ಹೊಡೆದುಕೊಂಡಿತು. ರಾಫತ್ ಅಲ್ಲ, ಸಾಕ್ಷಾತ್ ನಿರ್ದೇಶಕ ಮುನೀಫ್ ಬೇ. ದೇಶದಲ್ಲೇ ಅತಿ ಕೆಟ್ಟ ಲೈನಿನ ಶಾಖೆ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಿದೆ ಎಂದು ಕೇಳಿ ಅವರಿಗೆ ಬೆರಗಾಗಿತ್ತು. ಶಾಖೆಯನ್ನು ಮುಟ್ಟುವುದಿಲ್ಲ ಎಂದರು. ಇಂಥ ಕೆಲಸಗಾರನಿಗೆ ಏನಾದರೂ ಮಾಡಬೇಕೆಂದು ಹಳೆಯ ಕಡತ ತೆಗೆಸಿ, ಮೂರು ಜನ ಕೂತು ಅರ್ಥ ಬಿಡಿಸಿ, ನೀವು ಕೇಳುತ್ತಿದ್ದುದು ವರ್ಗಾವಣೆ ಎಂದು ಪತ್ತೆ ಮಾಡಿದ್ದೇವೆ ಎಂದರು. ಮಂಜೂರು. ಭಾನುವಾರದಿಂದ ಇರ್ಬಿದ್.

ಉಸ್ತಾದರು ಫೋನು ಕಿವಿಗೆ ಹಿಡಿದು ಹಿರಿಯರ ಕಡೆ ನೋಡಿದರು. ರುಬಾ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸಿಕೊಂಡು ತೊಳೆಯಲು ಒಯ್ಯುತ್ತಿದ್ದಳು.

“ನಿಮ್ಮ ದೊಡ್ಡ ಉಪಕಾರ, ಬೇ,” ಎಂದರು ಉಸ್ತಾದರು. “ಆದ್ರೆ ಆಗಲ್ಲ. ಜಾಹಾ ಬಂದಿತ್ತು. ಅವರು ಕಾಫಿ ಕುಡಿದುಬಿಟ್ಟಿದ್ದಾರೆ.”

ಮುನೀಫ್ ಬೇ ಎಷ್ಟಾದರೂ ಅದೇ ಮಣ್ಣಿನವರು.

“ಕುಡಿದ್ರಾ?” ಎಂದರು. “ಹಾಗಾದ್ರೆ ನಾನ್ಯಾರು ಕಳ್ಸೋಕೆ.”